ಬಾಕಿ ಉಳಿದ ಗುದ್ದು

ಕಮಲಾಪುರ
೧೮ ನವೆಂಬರ್ ೨೦೨೪

ವಿದ್ಯಾವತಿ ಅಕ್ಕಾ ಅವರಿಗೆ,

ಇಲ್ಲಿ ಕ್ಷೇಮವಿಲ್ಲ. ನಿಮ್ಮ ಕ್ಷೇಮ ಕೇಳುವ ಮನಸ್ಸೂ ಸದ್ಯಕ್ಕಿಲ್ಲ. ಆದ್ದರಿಂದ ಆ ಸಾಲು ಬಿಟ್ಟೇ ಶುರು ಮಾಡುತ್ತೇನೆ.

ನಾನು ಫೋನ್ ಯಾಕೆ ಎತ್ತುತ್ತಿಲ್ಲ ಎಂದು ನಿಮ್ಮ ತಮ್ಮನನ್ನು ಕೇಳಿದಿರಂತೆ. ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನೀವು ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ ಮಾತಾಡುತ್ತೀರಿ, ನಾನು ಹೂಂ ಹೂಂ ಎನ್ನುತ್ತಾ ಇಟ್ಟುಬಿಡುತ್ತೇನೆ. ಆಮೇಲೆ ಹೇಳಬೇಕಾದದ್ದನ್ನೆಲ್ಲ ಒಗೆಯುವ ಬಟ್ಟೆಗೆ ಹೇಳುತ್ತೇನೆ. ನಿಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇದೇ ನಡೆದಿದೆ. ಕಾಗದದಲ್ಲಿ ನೀವು ನನ್ನ ಮಾತಿಗೆ ಅಡ್ಡ ಬಾಯಿ ಹಾಕುವಂತಿಲ್ಲ. ಪಕ್ಕದ ಮನೆಯ ಜುಬೇದಾ ಆಪಾನ ಮಗ ಮಜರ್ ದಿನಾ ಬಸ್ಸಿಗೆ ನಿಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಬರುತ್ತಾನಲ್ಲ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಉತ್ತರ ಬರೆಯುವುದಿದ್ದರೆ ಅವನ ಕೈಯಲ್ಲೇ ಕೊಡಿ.

ವಿಷಯ ನಿಮ್ಮ ಪುಸ್ತಕ, 'ಅಂಗಳದ ನಕ್ಷತ್ರಾ'. ಮಕ್ಕಳ ದಿನಾಚರಣೆಗೆ ಸೃಷ್ಟಿಯ ಶಾಲೆಯಲ್ಲಿ ಅದನ್ನು ಓದಿದರು. ಟೀಚರು ನನ್ನ ಮಗಳನ್ನು ಆರನೇ ತರಗತಿಯ ಮಕ್ಕಳೆಲ್ಲರ ಎದುರು ನಿಲ್ಲಿಸಿ, "ಇದನ್ನ ಬರ್ದೋರು ನಮ್ಮ ಸೃಷ್ಟಿಯ ಸೋದರತ್ತಿ. ಪುಸ್ತಕದಾಗಿನ ಹುಡುಗಿ ಅಂದ್ರ ನಮ್ಮ ಸೃಷ್ಟಿನೇ," ಅಂದರಂತೆ. ಅವಳಿಗೆ ಭಾರಿ ಹೆಮ್ಮೆ. ಅವಳ ಹಾಗೇ ಕಣ್ಣು, ಅವಳ ಹಾಗೇ ಗಿಡ್ಡ ಬೆರಳು, ಅವಳ ಹಾಗೇ ಎರಡು ಜಡೆಗೆ ಕೆಂಪು ರಿಬ್ಬನ್. ಒಂದೊಂದು ಪುಟ ತಿರುವಿದಾಗಲೂ "ನಾನು, ನಾನು" ಎಂದು ಎದೆ ತಟ್ಟಿಕೊಂಡಳಂತೆ.

ಆಮೇಲೆ ಕೊನೆಯ ಪುಟ ಬಂತು. ಖಾಲಿ ಹಾಸಿಗೆ, ಆಕಾಶದಲ್ಲೊಂದು ಚುಕ್ಕೆ, ಅಂಗಳದಲ್ಲಿ ನಿಂತು ಮೇಲೆ ನೋಡುವ ತಾಯಿ. 'ದೇವರು ತನ್ನ ಮಗುವನ್ನು ತಾನೇ ಕರೆದುಕೊಂಡ' ಎಂದು ಕೆಳಗೆ ನಿಮ್ಮ ಸಾಲು. ಟೀಚರು ಪುಸ್ತಕ ಮುಚ್ಚಿದರು. ಮಕ್ಕಳು ಚಪ್ಪಾಳೆ ಹೊಡೆದರು. ಹೊರಗೆ ಬರುವಾಗ ಒಂದು ಹುಡುಗಿ ನನ್ನ ಮಗಳನ್ನು ಕೇಳಿತು: "ನೀ ಯಾವಾಗ ಸಾಯ್ತಿ?" ಕೆಟ್ಟ ಮನಸ್ಸಿನಿಂದಲ್ಲ, ನಿನ್ನ ಹುಟ್ಟಿದ ಹಬ್ಬ ಯಾವಾಗ ಎಂದು ಕೇಳಿದ ಹಾಗೆ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅವ್ವಾ, ನನ್ನ ಯಾವಾಗ ಒಯ್ತಾರ?"

ಅವತ್ತಿನಿಂದ ಶಾಲೆಗೆ ಹೋಗಿಲ್ಲ. ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು ಕೂರುತ್ತಾಳೆ. ದೀಪ ಹಚ್ಚಿದ ಮೇಲೆ ಅಂಗಳಕ್ಕೂ ಬರುವುದಿಲ್ಲ, ಮೇಲೆ ಚುಕ್ಕೆ ಇರುತ್ತವಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಬರೆದಿರೋ, ಅಥವಾ ಅಂಥ ಮಗುವೂ ಈ ಪುಸ್ತಕ ಓದೀತು ಎಂದು ನಿಮಗೆ ಹೊಳೆಯಲೇ ಇಲ್ಲವೋ, ನನಗೆ ಗೊತ್ತಿಲ್ಲ.

ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ, ಜಿಲ್ಲೆಯ ಶಾಲೆಗಳಿಗೆಲ್ಲ ಹೋಗುತ್ತದೆ ಎಂದು ನಿಮ್ಮ ತಮ್ಮ ಹೆಮ್ಮೆಯಿಂದ ಹೇಳಿದರು. ಅದಕ್ಕೆ ಮುಂಚೆ ಆ ಕೊನೆಯ ಪುಟ ತೆಗೆಯಿರಿ. ಇಷ್ಟೇ ನನ್ನ ಮಾತು.

ಅಂಬಮ್ಮ


ಕಲಬುರಗಿ
೨೬ ನವೆಂಬರ್ ೨೦೨೪

ಅಂಬಮ್ಮನಿಗೆ ಆಶೀರ್ವಾದ. ನೀನು ಕೇಳದಿದ್ದರೂ ನಾನು ಕ್ಷೇಮವಾಗಿದ್ದೇನೆ.

ನಿನ್ನ ಪತ್ರದಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ, ಸಂಸ್ಕಾರದ ತಪ್ಪು ಸಾಲುಸಾಲಿಗೂ ಇತ್ತು. ಗಂಡನ ಹಿರಿಯಕ್ಕನಿಗೆ ಬರೆಯುವ ರೀತಿ ಇದಲ್ಲ. ಹೋಗಲಿ, ಸಿಟ್ಟಿನಲ್ಲಿ ಬರೆದಿದ್ದೀ ಎಂದು ಬಿಟ್ಟೆ.

ಮಗು ಹೆದರಿದ್ದು ಕೇಳಿ ನನಗೂ ಸಂಕಟವಾಯಿತು. ಆದರೆ ತಪ್ಪು ಮಾಡಿದ್ದು ಆ ಟೀಚರು, ಬೈಗುಳ ನನಗೆ. ನನ್ನ ಪುಸ್ತಕದಲ್ಲಿ ಎಲ್ಲಿಯಾದರೂ ಸೃಷ್ಟಿಯ ಹೆಸರಿದೆಯೇ? ಕಮಲಾಪುರದ ಹೆಸರಿದೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಕ್ಷತ್ರಾ ಒಂದು ಕಥೆಯ ಹುಡುಗಿ.

ಕೊನೆಯ ಪುಟದ ಬಗ್ಗೆ ಹೇಳುತ್ತೇನೆ ಕೇಳು. ಹೈಸ್ಕೂಲಿನಲ್ಲಿ ಒಂದು ಜನ್ಮವಿಡೀ ಮಕ್ಕಳಿಗೆ ಪಾಠ ಮಾಡಿದವಳು ನಾನು. ಕಣ್ಣು ಒದ್ದೆಯಾಗದೆ ಮಗುವಿನ ಮನಸ್ಸು ಮೆತ್ತಗಾಗುವುದಿಲ್ಲ. ಆ ಪುಟ ಓದಿ ಅತ್ತ ಮಗು ನಾಳೆ ಅಂಥ ಮಗುವನ್ನು ಕಂಡರೆ ಕಲ್ಲು ಹೊಡೆಯುವುದಿಲ್ಲ, ಕೈ ಹಿಡಿಯುತ್ತದೆ. ಮೊನ್ನೆ ಸಭೆಯಲ್ಲಿ ನನಗೆ ಶಾಲು ಹೊದಿಸಿದಾಗ ದೊಡ್ಡ ಅಧಿಕಾರಿಯೊಬ್ಬರು ಮೈಕಿನ ಮುಂದೆಯೇ ಕಣ್ಣೊರೆಸಿಕೊಂಡರು. ಪೇಪರಿನಲ್ಲಿ ಫೋಟೋ ಬಂದಿತ್ತು, ತಮ್ಮ ಮಹಾದೇವ ತೋರಿಸಿರಬೇಕು. ಇಂಥ ಮಕ್ಕಳನ್ನು ಮನೆಯಲ್ಲಿ ಮುಚ್ಚಿಡುತ್ತಿದ್ದ ಕಾಲವನ್ನು ಕಂಡಿದ್ದೇನೆ. ಅವರು ದೇವರ ಮಕ್ಕಳು ಎಂದು ಎತ್ತಿ ತೋರಿಸಿದ್ದೇ ತಪ್ಪಾಯಿತೇ?

ನಿನಗೆ ಓದುವ ಅಭ್ಯಾಸ ತಪ್ಪಿರಬೇಕು. ಅಂಗವಿಕಲ ಮಕ್ಕಳ ಬಗ್ಗೆ ಬಂದ ಪುಸ್ತಕಗಳನ್ನು ಮಜರ್ ಕೈಯಲ್ಲಿ ಕಳಿಸಿದ್ದೇನೆ. ಓದು. ಮುಕ್ತಾಯ ಎಂದರೆ ಏನು ಎಂದು ತಿಳಿಯುತ್ತದೆ.

ಪುಟಗಳು ಪ್ರೆಸ್ಸಿಗೆ ಹೋಗುವ ಹೊತ್ತು. ಬದಲಿಸಲು ಆಗುವುದಿಲ್ಲ.

ನಿನ್ನ ಹಿತ ಬಯಸುವ
ವಿದ್ಯಾವತಿ


ಕಮಲಾಪುರ
೯ ಡಿಸೆಂಬರ್ ೨೦೨೪

ಅಕ್ಕಾ,

ಕುಂಬಳಕಾಯಿ ನನ್ನ ಹಿತ್ತಲಿನದು. ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ನೀವು. ಎಡಗೈ ಹೆಬ್ಬೆರಳು ಚೀಪುತ್ತಾ ಬಲಗೈಗೆ ಜಡೆಯ ರಿಬ್ಬನ್ ಸುತ್ತಿಕೊಳ್ಳುವ ಹುಡುಗಿಯನ್ನು ನೀವು ನಮ್ಮ ಮನೆಯಲ್ಲಿ ಬಿಟ್ಟು ಇನ್ನೆಲ್ಲಿ ನೋಡಿದ್ದೀರಿ?

ಪುಸ್ತಕಗಳನ್ನು ಓದಿದೆ. ಹೊಲಿಗೆ ಮಷಿನ್ ಮುಚ್ಚಿಟ್ಟು ಓದಿದೆ. ಲಗ್ನದ ಬ್ಲೌಸ್ ಕೇಳಿಕೊಂಡು ಬಂದವರೆಲ್ಲ ಬೈದುಕೊಂಡು ಹೋದರು. ಒಂದರಲ್ಲಿ ಕಣ್ಣಿಲ್ಲದ ಹುಡುಗ ದೊಡ್ಡ ಗಾಯಕನಾದ. ಇನ್ನೊಂದರಲ್ಲಿ ಮಾತು ಬಾರದ ಹುಡುಗಿಗೆ ಗುಡಿಯ ಗಂಟೆ ಬಾರಿಸಿದ ಕೂಡಲೇ ಮಾತು ಬಂತು. ಕುಂಟ ಹುಡುಗ ಓಡಿಹೋಗಿ ರೈಲು ನಿಲ್ಲಿಸಿದ. ಗಾಲಿಕುರ್ಚಿಯ ಹುಡುಗಿಗೆ ಮೊದಲನೇ ಬಹುಮಾನ. ನಿಮ್ಮವಳು ಸತ್ತಳು. ಅಲ್ಲ ಅಕ್ಕಾ, ಇವರಲ್ಲಿ ಒಬ್ಬರಾದರೂ ಸುಮ್ಮನೆ ಶಾಲೆಗೆ ಹೋಗಿ, ಮಗ್ಗಿ ತಪ್ಪಿ ಬೈಸಿಕೊಂಡು, ಮನೆಗೆ ಬಂದು ಸುಸಲಾ ತಿಂದು ಮಲಗಿದರೆ ಪುಸ್ತಕ ಬರೆಯುವವರ ಗಂಟೇನು ಹೋಗುತ್ತದೆ?

ರೈಲು ನಿಲ್ಲಿಸಿದವನ ಪುಸ್ತಕವನ್ನು ಮಜರ್‌ಗೆ ಓದಲು ಕೊಟ್ಟೆ. ಹುಟ್ಟಿನಿಂದ ಅವನ ಎಡಗಾಲು ಗಿಡ್ಡ, ನೀವೂ ನೋಡಿದ್ದೀರಿ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಬಕ್ಕಾ, ರೈಲ್ ದೂರ ಉಳೀತು. ಸೂಪರ್ ಮಾರ್ಕೆಟ್‌ನ್ಯಾಗ ಕೈ ಮಾಡಿ ಮಾಡಿ ಸಾಕಾಗ್ತದ, ನನಗ ಇನ್ನಾ ಒಂದ್ ಆಟೋ ನಿಲ್ಸಲಿಕ್ ಆಗಿಲ್ಲ," ಅಂದ. ನಕ್ಕು ಮುಗಿದ ಮೇಲೆ ಪುಸ್ತಕ ವಾಪಸ್ ಕೊಟ್ಟು, "ಶಾಲ್ಯಾಗ ನನಗೂ ಹಿಂಗೇ ಒಂದ್ ಪಾಠ ಇತ್ರೀ. ಅದು ಬಂದ ದಿನ ಎಲ್ಲಾರೂ ನನ್ನ ಕಡಿನೇ ನೋಡ್ತಿದ್ರು," ಎಂದು ಹೇಳಿ ಹೋದ.

ಅತ್ತ ಮಗು ಕಲ್ಲು ಹೊಡೆಯುವುದಿಲ್ಲ ಎಂದಿರಿ. ನಿಮ್ಮ ಪುಸ್ತಕ ಬರುವ ಮೊದಲೂ ನನ್ನ ಮಗಳಿಗೆ ಯಾರೂ ಕಲ್ಲು ಹೊಡೆದಿರಲಿಲ್ಲ. ಜಡೆ ಎಳೆಯುತ್ತಿದ್ದರು, ಇವಳು ತಿರುಗಿ ಗುದ್ದುತ್ತಿದ್ದಳು, ಮರುದಿನ ಎಲ್ಲರೂ ಸೇರಿ ಕುಂಟಾಟ ಆಡುತ್ತಿದ್ದರು. ಹೋದ ಭಾನುವಾರ ಅದೇ ಹುಡುಗಿಯರು ಮನೆಗೆ ಬಂದರು. ಒಬ್ಬಳ ಕೈಯಲ್ಲಿ ಪೇರಲ ಹಣ್ಣು, ಒಬ್ಬಳ ಕೈಯಲ್ಲಿ ಹೊಸ ಪೆನ್ಸಿಲ್. ಸಾಲಾಗಿ ಕೂತು ಇವಳ ತಲೆ ಸವರಿ ಎದ್ದು ಹೋದರು. ಆಟಕ್ಕೆ ಯಾರೂ ಕರೆಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದ ಹಾಗಿತ್ತು. ನಿಮ್ಮ ಮಕ್ಕಳು ಒಳ್ಳೆಯವರಾಗಲು ನನ್ನ ಮಗಳು ಸಾಯಲೇಬೇಕೇ?

ಇನ್ನೊಂದು. ನಕ್ಷತ್ರಾ ಎಲ್ಲ ಪುಟದಲ್ಲೂ ನಗುತ್ತಾಳೆ. ಸೃಷ್ಟಿ ಹಾಗಲ್ಲ. ಮೊಂಡಿ. ಅಪ್ಪನಿಗೆಂದು ಇಟ್ಟ ಕೆಂಪು ಬಾಳೆಹಣ್ಣು ತಾನು ತಿಂದು ಸಿಪ್ಪೆಯನ್ನು ನನ್ನ ಮಷಿನ್ನಿನ ಡ್ರಾವರಿನಲ್ಲಿ ಮುಚ್ಚಿಡುತ್ತಾಳೆ, ಕೇಳಿದರೆ ಬೆಕ್ಕಿನ ಹೆಸರು ಹೇಳುತ್ತಾಳೆ. ಕಿರಾಣಿ ಅಂಗಡಿಯ ಖಂಡೆಪ್ಪ "ಪಾಪ, ದೇವರ ಕೂಸು" ಅಂದದ್ದಕ್ಕೆ ಅವನ ಕೈ ಕಚ್ಚಿದ್ದಾಳೆ. ದೇವರ ಮಕ್ಕಳು ಇವರಾದರೆ ಉಳಿದವರೆಲ್ಲ ಯಾರ ಮಕ್ಕಳೋ. ನಿಮಗೆ ಇದೊಂದೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಬರಬೇಕಿತ್ತು.

ಇಷ್ಟು ದಿನ ಬಾಯಿಬಿಡದಿದ್ದದ್ದನ್ನು ಈಗ ಬರೆಯುತ್ತೇನೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ತೊಟ್ಟಿಲು ಕಟ್ಟಿತ್ತು, ಗುಗ್ಗರಿ ಬೆಂದಿತ್ತು, ಹೆಸರು ಹೇಳಿದವರಿಗೆ ಬೀಳುವ ಶಾಸ್ತ್ರದ ಗುದ್ದನ್ನು ನಿಮ್ಮ ಬೆನ್ನಿಗೆ ಹಾಕಲು ಓಣಿಯ ಹೆಂಗಸರೆಲ್ಲ ಕೈ ತಿಕ್ಕುತ್ತಾ ಕೂತಿದ್ದರು. ನಾನು ಬಾಣಂತಿ, ಬಾಗಿಲ ಕಡೆ ನೋಡುತ್ತಾ ಕೂತಿದ್ದೆ. ನಿಮಗೆ ಜ್ವರ ಎಂದು ಸುದ್ದಿ ಬಂತು. ಕೊನೆಗೆ ಜುಬೇದಾ ಆಪಾ ಎದ್ದು ಬಂದರು. "ಅರೇ, ನಮ್ಮಲ್ಲೂ ಹುಟ್ಟಿದ ಕೂಸಿನ ಕಿವ್ಯಾಗ ಹೇಳೋದು ಅದ ಬಿಡು, ನಾ ಹೇಳ್ತೀನಿ," ಎಂದು ಬಗ್ಗಿ ಕುರ್‌ರ್ ಎಂದು ಹೆಸರು ಹೇಳಿದರು. ಗುದ್ದು ಅವರ ಬೆನ್ನಿಗೆ ಬಿದ್ದವು. ನಿಮಗೆ ಜ್ವರವಿರಲಿಲ್ಲ. ಮಗುವಿನ ಮುಖ ಹೇಗಿದೆ ಎಂದು ಕೇಳಿ ನಾಚಿಕೆಯಾಗಿತ್ತು. ಕಿವಿಯಲ್ಲಿ ಹೆಸರು ಹೇಳಲೆಂದು ಬರದವರು ಈಗ ಬಂದು ಅವಳಿಗೆ ಬೇರೆ ಹೆಸರಿಟ್ಟು, ಹದಿನಾರು ಪುಟಗಳಲ್ಲಿ ಸಾಯಿಸಿ, ಶಾಲು ಹೊದ್ದುಕೊಂಡಿರಿ.

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಪುಸ್ತಕಗಳನ್ನು ವಾಪಸ್ ಕಳಿಸಿದ್ದೇನೆ.

ಅಂಬಮ್ಮ


ಕಲಬುರಗಿ
೧೬ ಡಿಸೆಂಬರ್ ೨೦೨೪

ಅಂಬಮ್ಮಾ,

ನಾಲಗೆಗೆ ಎಲುಬಿಲ್ಲ ಎಂದು ಏನನ್ನಾದರೂ ಬರೆಯಬಹುದೇ? ನಾಚಿಕೆಯಂತೆ! ಮಾತು ಕೊಟ್ಟಿದ್ದೆ, ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಮುಚ್ಚುವುದಿಲ್ಲ, ನೀನೇ ಬಿಡಿಸಿದ್ದೀ.

ಹೆಸರಿಡುವ ಹಿಂದಿನ ದಿನ ಮಹಾದೇವ ನಂದೂರಿನ ದಾಲ್ ಮಿಲ್ಲಿಗೆ ತೊಗರಿ ಹಾಕಿ ನೆಟ್ಟಗೆ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ. ಮೈಯೆಲ್ಲ ತೊಗರಿಯ ಧೂಳು, ಹಾಗೇ ಮೆಟ್ಟಿಲ ಮೇಲೆ ಕೂತ. ನಾನು ಮಗುವಿಗೆಂದು ತಂದ ಅಂಗಿ, ಕರಿಮಣಿ ಬಳೆ ತೋರಿಸಿದೆ. ಮುಖ ತಿರುಗಿಸಿದ. "ಅಕ್ಕಾ, ನೀ ನಾಳಿ ಬರಬ್ಯಾಡ. ಎದಿಯಾಗ ತೂತು ಅದ ಅಂತ ಡಾಕ್ಟರ್ ಹೇಳ್ಯಾರ. ಕೂಸು ಭಾಳ ದಿನ ಇರಂಗಿಲ್ಲ. ನೀ ಬರ್ಲಿಲ್ಲ ಅಂದ್ರ ಹೆಸರಿಡೋದು ತಪ್ಪತದ. ಹೆಸರಿಟ್ರ ಮಾಯಾ ಹತ್ತತದ. ಅಂಬಮ್ಮಗ ಹೇಳಬ್ಯಾಡ, ನನ್ನ ಆಣಿ," ಅಂದ. ನಾನು ಸಾಕಿ ಬೆಳೆಸಿದ ತಮ್ಮ ನನ್ನ ಎದುರು ಅಳುತ್ತಿದ್ದ. ಏನು ಮಾಡಬೇಕಿತ್ತು? ಜ್ವರ ಎಂದು ಹೇಳಿ ಕಳಿಸಿದೆ.

ನಾನು ಬರೆದದ್ದು ನಿನ್ನ ಮಗಳ ಕಥೆಯಲ್ಲ. ಅವತ್ತು ನನ್ನ ತಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ ಕಥೆ. ಕೊನೆಯ ಪುಟವೂ ಅವನದೇ. ಹೋಗಿ ಅವನನ್ನು ಕೇಳು, ಆಮೇಲೆ ನನಗೆ ಬುದ್ಧಿ ಹೇಳು.

ವಿದ್ಯಾವತಿ


ಕಮಲಾಪುರ
೩ ಜನವರಿ ೨೦೨೫

ಅಕ್ಕಾ,

ಕೇಳಿದೆ. ಮನೆಯಲ್ಲಿ ಕೇಳಲಿಲ್ಲ, ಮನೆಯಲ್ಲಿ ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಭೂಮಿತಾಯಿಗೆ ಚರಗ ಚೆಲ್ಲಿ ಬಂದು ಊಟಕ್ಕೆ ಕೂತಾಗ ನಿಮ್ಮ ಪತ್ರ ತೆಗೆದು ಗಟ್ಟಿಯಾಗಿ ಓದಿದೆ.

ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು. "ಹೌದು, ನಾನೇ ಹೇಳಿದ್ದು," ಅಂದರು.

"ಯಾಕ?"

"ಹೆಸರಿಲ್ಲದ ಕೂಸು ಹೋದ್ರ ನಿನಗ ದುಃಖ ಕಡಿಮಿ ಆಗ್ತದ ಅನಿಸ್ತು."

"ಒಂಬತ್ತು ತಿಂಗಳು ಹೊತ್ತಾಕಿಗಿ ಹೆಸರ್ ಬೇಕೇನ್ರೀ ಮಾಯಾ ಹತ್ತಲಿಕ್ಕ?" ಎಂದು ಕೇಳಿದೆ. ಸುತ್ತಲಿನ ಹೊಲದವರೆಲ್ಲ ತಿರುಗಿ ನೋಡಿದರು, ನೋಡಲಿ ಎಂದು ಬಿಟ್ಟೆ. ಅವರು ಅತ್ತರು. ನಾನು ಕಣ್ಣೊರೆಸಲು ಹೋಗಲಿಲ್ಲ. ಸೃಷ್ಟಿ ಎದ್ದು ಹೋಗಿ, ಹಬ್ಬದ ಕಾಳು ಸೊಪ್ಪಿನ ಭಜ್ಜಿ ತಿಂದ ಕೈಯಲ್ಲೇ ಒರೆಸಿದಳು. ಮೀಸೆಗೆಲ್ಲ ಭಜ್ಜಿ ಹತ್ತಿತು. ಇಬ್ಬರೂ ಹಾಗೇ ಊಟ ಮುಂದುವರಿಸಿದರು. ನನಗೆ ಒಂದು ತುತ್ತು ಇಳಿಯಲಿಲ್ಲ.

ನಿಮಗೆ ನಾಚಿಕೆ ಎಂದದ್ದು ತಪ್ಪಾಯಿತು. ಅಷ್ಟು ಮಟ್ಟಿಗೆ ವಾಪಸ್ ತೆಗೆದುಕೊಂಡೆ. ಅದಕ್ಕಾಗಿ ಸಿಟ್ಟು ಕಡಿಮೆಯಾಗಿದೆ ಎಂದುಕೊಳ್ಳಬೇಡಿ, ಹೆಚ್ಚಾಗಿದೆ. ಅವರು ಹೇಳಿದರು, ನೀವು ಕೇಳಿದಿರಿ. ಅಕ್ಕ ತಮ್ಮ ಕೂತು ನನ್ನ ಮಗುವಿನ ಆಯುಷ್ಯ ತೀರ್ಮಾನ ಮಾಡಿದಿರಿ. ಹೆತ್ತವಳನ್ನು ಒಂದು ಮಾತು ಕೇಳಬೇಕು ಅನಿಸಲಿಲ್ಲ.

ಸರಿ, ಅವತ್ತು ಹೆದರಿದಿರಿ. ಆಮೇಲೆ? ಮುಂದಿನ ವರ್ಷವೇ ಹೈದರಾಬಾದಿನಲ್ಲಿ ಆಪರೇಷನ್ ಆಯಿತು, ಎದೆಯ ತೂತು ಮುಚ್ಚಿತು. ಅದು ನಿಮಗೆ ಗೊತ್ತಿತ್ತು. ಲಗ್ನಗಳಲ್ಲಿ ಅವಳು ಕುಣಿಯುವುದನ್ನು ನೋಡಿದ್ದೀರಿ, ದೂರದಿಂದ ಚಾಕ್ಲೇಟ್ ಕೊಟ್ಟು ಹೋಗಿದ್ದೀರಿ. ಬದುಕಿ ಕಣ್ಣೆದುರು ಓಡಾಡುವ ಹುಡುಗಿಯನ್ನು ನೋಡಿಯೂ ಆ ಕೊನೆಯ ಪುಟ ಯಾಕೆ ಬರೆದಿರಿ? ಇದಕ್ಕೆ ನಿಮ್ಮ ತಮ್ಮನ ಹೆಸರು ಹೇಳಬೇಡಿ.

ಅವಳು ಇನ್ನೂ ಶಾಲೆಗೆ ಹೋಗುತ್ತಿಲ್ಲ.

ಅಂಬಮ್ಮ


ಕಲಬುರಗಿ
೨೦ ಜನವರಿ ೨೦೨೫

ಅಂಬಮ್ಮಾ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಭಾಷಣವಾಯಿತು, ಹರಿದು ಹಾಕಿದೆ.

ಉತ್ತರ ಇಷ್ಟೇ. ಬೇರೆ ಮುಕ್ತಾಯ ನನಗೆ ಗೊತ್ತಿರಲಿಲ್ಲ. ಆ ಹುಡುಗಿ ಬೆಳಗ್ಗೆ ಎದ್ದು ಏನು ಮಾಡುತ್ತಾಳೆ, ಏನು ತಿನ್ನುತ್ತಾಳೆ, ಯಾರ ಜೊತೆ ಜಗಳ ಆಡುತ್ತಾಳೆ, ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಮೆಟ್ಟಿಲ ಮೇಲೆ ಕೇಳಿದ್ದು ಮಾತ್ರ. ಸಾವು ಬರೆಯುವುದು ಸುಲಭ, ಅದಕ್ಕೆ ಯಾರ ಮನೆಗೂ ಹೋಗಿ ನೋಡಿ ಬರಬೇಕಾಗಿಲ್ಲ.

ನಾನು ಕ್ಷಮೆ ಕೇಳುತ್ತಿಲ್ಲ, ನೀನು ಕೊಡುವವಳೂ ಅಲ್ಲ. ಪ್ರೆಸ್ಸಿನವರಿಗೆ ಫೋನ್ ಮಾಡಿ ಕೊನೆಯ ಪುಟ ತಡೆಹಿಡಿಯಿರಿ ಎಂದಿದ್ದೇನೆ. ಪ್ರಕಾಶಕರು ಕೂಗಾಡಿದರು. ಚುಕ್ಕೆ ತೆಗೆದರೆ ಪುಸ್ತಕದಲ್ಲಿ ಏನು ಉಳಿಯುತ್ತದೆ ಎಂದು ಕೇಳಿದರು. ಆ ಪುಟದಲ್ಲಿ ಏನಿರಬೇಕು ಎಂದು ಸೃಷ್ಟಿಯನ್ನು ಕೇಳಿ ಬರೆ. ನಿನ್ನ ಮಾತು ಬೇಡ, ನಿನ್ನದು ಬರೀ ಬೈಗುಳ. ಅವಳ ಮಾತು ಕಳಿಸು.

ವಿದ್ಯಾವತಿ


ಕಮಲಾಪುರ
೨ ಫೆಬ್ರವರಿ ೨೦೨೫

ಅಕ್ಕಾ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದೇನೆ. ಪುಸ್ತಕ ಬೇಕು ಎಂದು ಹಠ ಹಿಡಿದಳು. ಕಪಾಟಿನ ಮೇಲೆ ಬಚ್ಚಿಟ್ಟಿದ್ದೆ, ಇಳಿಸಿ ಕೊಟ್ಟೆ. ಒಂದು ಮಧ್ಯಾಹ್ನವಿಡೀ ಒಬ್ಬಳೇ ಕೂತು ಚಿತ್ರದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ಕರೆದು "ಬರಿ" ಅಂದಳು. ಕೆಳಗಿನದು ಅವಳದು. ಸಹಿಯೂ ಅವಳೇ ಮಾಡಿದ್ದಾಳೆ.

ಅತ್ತಿ,

ನಾ ಸೃಷ್ಟಿ. ನಿನ್ನ ಪುಸ್ತಕ ನೋಡ್ದೆ. ಎಲ್ಲಾ ಪುಟ ನೋಡ್ದೆ.

ನಕ್ಷತ್ರಾ ಊಟ ಮಾಡಂಗಿಲ್ಲ. ಒಂದ್ ಪುಟದಾಗೂ ಮಾಡಂಗಿಲ್ಲ. ರೊಟ್ಟಿ ಇಲ್ಲ. ಅನ್ನ ಇಲ್ಲ. ಬಾಳಿಹಣ್ಣ ಇಲ್ಲ. ಬರೇ ನಗ್ತಾಳ. ಅದಕ್ಕ ಸತ್ಲು.

ನಾ ಊಟ ಮಾಡ್ತೀನಿ. ನಾ ಸಾಯಂಗಿಲ್ಲ. ಅವ್ವಗ ಹೇಳ್ದೆ, ಅವ್ವ ಅತ್ಲು. ಯಾಕ ಅಳ್ತಾಳ?

ನಕ್ಷತ್ರಾಗ ಊಟ ಕೊಡು. ಭಜ್ಜಿ ಕೊಡು. ಎರಡ್ ಸಲ ಕೊಡು. ಜಡಿ ಎಳದ್ರ ಹೊಡೀಲಿ. ಬರೇ ನಗಬಾರ್ದು.

ನಾಳಿ ನಾ ಶಾಲಿಗಿ ಹೋಗ್ತೀನಿ. ಡಬ್ಬಿ ಒಯ್ತೀನಿ. ದೊಡ್ಡ ಡಬ್ಬಿ.

ಸೃಷ್ಟಿ


ಕಲಬುರಗಿ
೧೭ ಮಾರ್ಚ್ ೨೦೨೫

ಅಂಬಮ್ಮಾ,

ಹೊಸ ಪುಸ್ತಕದ ಮೊದಲ ಪ್ರತಿ ಇದರೊಂದಿಗಿದೆ. ಕೊನೆಯ ಪುಟದಲ್ಲಿ ಹುಡುಗಿ ತಾಟಿನ ಮುಂದೆ ಕೂತಿದ್ದಾಳೆ, ಬಾಯಿ ತುಂಬಿದೆ, ಕೆನ್ನೆಗೆ ಭಜ್ಜಿ ಹತ್ತಿದೆ. ಕೆಳಗೆ ಬರೆದದ್ದು ಎರಡೇ ಪದ: 'ಇನ್ನೂ ಬೇಕು.' ನಡುವಿನ ಪುಟದಲ್ಲಿ ಜಡೆ ಎಳೆದವನಿಗೆ ಒಂದು ಏಟು ಬಿದ್ದಿದೆ. ಅದಕ್ಕೆ ನನಗೂ ಪ್ರಕಾಶಕರಿಗೂ ಜಗಳವಾಯಿತು, ಗೆದ್ದವಳು ನಾನು.

ಮೊನ್ನೆ ಒಂದು ಶಾಲೆಯಲ್ಲಿ ಓದಿದೆ. ಯಾರೂ ಅಳಲಿಲ್ಲ. ಒಬ್ಬ ಹುಡುಗ "ಟೀಚರ್, ಭಜ್ಜಿ ಹ್ಯಾಂಗ ಮಾಡ್ತಾರ?" ಎಂದು ಕೇಳಿದ. ಒಬ್ಬಳು "ಈಕಿ ನಮ್ಮ ತಂಗಿ ಇದ್ದಂಗ ಅದಾಳ, ಭಾಳ ಹಠಮಾರಿ," ಅಂದಳು. ಇನ್ನು ಈ ಪುಸ್ತಕಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಇರುವ ಶಾಲೇ ಸಾಕು.

ಅಂಗಿ ಈಗ ಹಿಡಿಯುವುದಿಲ್ಲ. ಕರಿಮಣಿ ಬಳೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಏನು ಮಾಡಲಿ ಹೇಳು.

ವಿದ್ಯಾವತಿ


ಕಮಲಾಪುರ
೨೨ ಮಾರ್ಚ್ ೨೦೨೫

ಅಕ್ಕಾ,

ಪುಸ್ತಕ ನೋಡಿದಳು. "ತಾಟಿನ್ಯಾಗ ಬರೇ ಒಂದ್ ರೊಟ್ಟಿ ಅದ," ಎಂದು ಗೊಣಗಿ, ಆದರೂ ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದಳು. ಜಡೆ ಎಳೆಯುವುದು ಮತ್ತೆ ಶುರುವಾಗಿದೆ. ನಿನ್ನೆ ಒಬ್ಬನ ಮೂಗಿಗೆ ಗುದ್ದಿ ಬಂದಳು, ಅವನ ತಾಯಿ ನಮ್ಮ ಬಾಗಿಲಿಗೆ ಬಂದು ಒಂದು ತಾಸು ಬೈದಳು. ಅಷ್ಟು ಚೆಂದದ ಬೈಗುಳ ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ಕೂರಿಸಿ ಚಹಾ ಕೊಟ್ಟೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಪುಟ ಬದಲಿಸಿದಿರಿ ಎಂದು ಹಿಂದಿನದೆಲ್ಲ ಅಳಿಸಿಹೋಗುವುದಿಲ್ಲ. ನಿಮ್ಮ ತಮ್ಮನ ವಿಚಾರಣೆ ಬೇರೆ, ಅದು ಮನೆಯೊಳಗೆ ನಡೆಯುತ್ತಿದೆ, ಸದ್ಯಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ.

ಯುಗಾದಿಗೆ ಬನ್ನಿ. ಬಳೆ ತನ್ನಿ, ಹಿಡಿಯದಿದ್ದರೆ ಜಡೆಗೆ ಕಟ್ಟುತ್ತೇನೆ. ತೊಟ್ಟಿಲು ಇಲ್ಲ, ಜುಬೇದಾ ಆಪಾನ ಮೊಮ್ಮಗಳ ಪಾಲಾಯಿತು. ಆದರೆ ಸೃಷ್ಟಿಯ ಕಿವಿ ಇದ್ದಲ್ಲೇ ಇದೆ. ನೀವು ಅವಳ ಪಕ್ಕ ಬಗ್ಗಿ ಹೆಸರು ಹೇಳಬೇಕು. ನಕ್ಷತ್ರಾ ಅಲ್ಲ, ಸೃಷ್ಟಿ. ಗಟ್ಟಿಯಾಗಿ ಹೇಳಿ, ಅವಳಿಗೆ ಎಡಗಿವಿ ಸ್ವಲ್ಪ ಮಂದ. ಅದೂ ನಿಮಗೆ ಗೊತ್ತಿರಲಿಲ್ಲ.

ಹೇಳಿ ಮುಗಿದ ಮೇಲೆ ಬೆನ್ನು ತಿರುಗಿಸಬೇಕು. ಓಣಿಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿದೆ. ನಿಮ್ಮ ಪಾಲಿನ ಗುದ್ದನ್ನು ಜುಬೇದಾ ಆಪಾ ಇಷ್ಟು ವರ್ಷ ತಮ್ಮ ಬೆನ್ನಲ್ಲಿ ಇಟ್ಟುಕೊಂಡಿದ್ದಾರಂತೆ, ವಾಪಸ್ ಕೊಡಬೇಕು ಎನ್ನುತ್ತಾರೆ. ಆದರೆ ಮೊದಲ ಗುದ್ದು ನನ್ನದು. ಅದು ಶಾಸ್ತ್ರಕ್ಕೆ ಹೊಡೆಯುವ ಗುದ್ದಲ್ಲ.

ಸನ್ಮಾನದ ಶಾಲು ಹೊದ್ದು ಬರಬೇಡಿ. ನೆಟ್ಟಗೆ ಬೆನ್ನಿಗೆ ತಗಲಬೇಕು.

ಅಂಬಮ್ಮ